ಕೆಂಪು ಪೆಟ್ಟಿಗೆಗಳ ಗಲಾಟೆ ತಗ್ಗಿಸಿದಾಕೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ಎರಡನೆಯ ಮಹಡಿಯ ವಾರ್ಡಿನಲ್ಲಿ ಪಾಳಿ ಬದಲಾಗುವ ಹೊತ್ತು. ಔಷಧದ ಗಾಡಿಯ ಪಕ್ಕ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ ಹೆಂಗಸೊಬ್ಬರು ಪ್ರಿಂಟರಿನ ಹೊಟ್ಟೆ ಬಗೆದು, ಒಳಗೆ ಸಿಕ್ಕಿಕೊಂಡ ಅಂಟುಚೀಟಿಯನ್ನು ಉಗುರಿನಿಂದ ಕೀಳುತ್ತಿದ್ದಾರೆ. ರಕ್ತದ ಸೀಸೆಗಳಿಗೆ ಹೆಸರಿನ ಚೀಟಿ ಹೊರಡುವುದು ಅದರಿಂದಲೇ.

"ಕಿಟಕಿ ಬಿಸಿಲಿಗೆ ಅಂಟು ಕರಗತ್ತೆ. ಅಲ್ಲಿಂದ ಎತ್ತಿಡಿ ಅಂದ್ರೆ ಯಾರೂ ಎತ್ತಿಡ್ತಿರಲಿಲ್ಲ. ಯಾಕೆ ಅಂತ ಬಗ್ಗಿ ನೋಡಿದ್ರೆ, ವೈರೇ ಗಿಡ್ಡ! ಬೈಸ್ಕೊಂಡಿದ್ದು ಮಾತ್ರ ಪಾಪ ನರ್ಸ್‌ಗಳು," ಎನ್ನುತ್ತಾ ಚೀಲದಿಂದ ಉದ್ದನೆಯ ವೈರೊಂದನ್ನು ತೆಗೆಯುತ್ತಾರೆ.

ಈಕೆ ಆಸ್ಪತ್ರೆಯ ಕಂಪ್ಯೂಟರ್ ವಿಭಾಗದವರು. ಕಸ ಗುಡಿಸುವವರಿಂದ ಹಿಡಿದು ಹಿರಿಯ ವೈದ್ಯರವರೆಗೆ ಎಲ್ಲರ ಬಾಯಲ್ಲೂ 'ಕಂಪ್ಯೂಟರ್ ಅಕ್ಕ'. ಕೆಲಸಕ್ಕೆ ಸೇರಿದಾಗ ರೋಗಿಗಳ ಕಡತ ಹೊತ್ತು ಮಹಡಿಯಿಂದ ಮಹಡಿಗೆ ಓಡಾಡುತ್ತಿದ್ದರು. ಮೊದಲ ಕಂಪ್ಯೂಟರ್ ಬಂದ ದಿನ ಹಿರಿಯರೆಲ್ಲ ಅದನ್ನು ಮುಟ್ಟಲು ಹಿಂಜರಿದು, ಕಿರಿಯಳೆಂದು ಇವರನ್ನು ಮುಂದೆ ತಳ್ಳಿದರು. "ತಪ್ಪು ಗುಂಡಿ ಒತ್ತಿದ್ರೆ ಸುಟ್ಟುಹೋಗತ್ತಾ ಅಂತ ಕೇಳ್ದೆ. ಇಲ್ಲ ಅಂದ್ರು. ಹಂಗಾದ್ರೆ ಎಲ್ಲಾ ಒತ್ತಿ ನೋಡ್ತೀನಿ ಅಂದೆ." ಆಮೇಲೆ ಸಂಜೆಯ ತರಗತಿಗೆ ಸೇರಿದರು. ಮಗಳಿನ್ನೂ ಕೂಸು, ಬಸ್ ಓಡಿಸುವ ಗಂಡನ ಪಾಳಿಗೆ ಗೊತ್ತುಗುರಿಯಿಲ್ಲ. ಅತ್ತೆ ಮಗುವನ್ನು ಮಡಿಲಿಗೆ ಹಾಕಿಕೊಂಡು, "ನೀನು ಹೋಗಮ್ಮ, ಇವಳನ್ನ ನಾನು ನೋಡ್ಕೋತೀನಿ" ಎಂದದ್ದರಿಂದ ಓದು ಮುಗಿಯಿತು.

ತಂತ್ರಜ್ಞಾನದ ಬಗ್ಗೆ ಅಕ್ಕನನ್ನು ಕೇಳಿದರೆ ಉತ್ತರ ಎಲ್ಲಿಂದೆಲ್ಲಿಗೋ ಹೋಗುತ್ತದೆ. ಅವರ ಪ್ರಕಾರ ಜಗತ್ತಿನ ಒಳ್ಳೆಯ ಯಂತ್ರಗಳಲ್ಲಿ ಒಂದು ಚೀಲದ ಜಿಪ್. "ಅದನ್ನ ಎಳೆಯೋಕೆ ಯಾರಾದ್ರೂ ತರಬೇತಿ ಕೊಟ್ರಾ?" ಪಾಸ್‌ವರ್ಡ್ ವಿಷಯ ಬಂದರೆ ಸ್ವಂತ ವಿಭಾಗದ ಮೇಲೆಯೇ ಮುನಿಸು: "ಪದೇ ಪದೇ ಬದಲಾಯಿಸಿ ಅಂತೀವಿ, ಎಲ್ಲೂ ಬರೆದಿಡಬೇಡಿ ಅಂತೀವಿ. ಮನುಷ್ಯರಿಗೆ ಹೇಳೋ ಮಾತೇನ್ರೀ ಇದು?" ಮಗಳು ಉಡುಗೊರೆಯಾಗಿ ತಂದ ಮಾತಾಡುವ ಸ್ಪೀಕರ್, ಅತ್ತೆ ಕೆಮ್ಮಿದಾಗಲೆಲ್ಲ "ಏನು ಸಹಾಯ ಬೇಕು?" ಎಂದು ಬಾಯಿ ಹಾಕುತ್ತಿತ್ತು. ಈಗ ಅದು ಬೀರುವಿನಲ್ಲಿ ಸೀರೆಗಳ ನಡುವೆ ತೆಪ್ಪಗಿದೆ.

ಬೈಯುವ ಮೊದಲು 'ಯಾಕೆ' ಎಂದು ಬಗ್ಗಿ ನೋಡುವ ಈ ಕುತೂಹಲವೇ ಕಳೆದ ವರ್ಷ ಅವರನ್ನು ಇದೇ ವಾರ್ಡಿಗೆ ಕರೆತಂದಿತು. ಆಸ್ಪತ್ರೆಗೆ ಹೊಸ ತಂತ್ರಾಂಶ ಬಂದಿತ್ತು. ಔಷಧ ಕೊಡುವ ಮುನ್ನ ಏನಾದರೂ ತೊಡಕಿದ್ದರೆ ಪರದೆಯ ಮೇಲೆ ಕೆಂಪು ಪೆಟ್ಟಿಗೆಯೊಂದು ಮೂಡಿ ಎಚ್ಚರಿಸಬೇಕು. ಆದರೆ ನರ್ಸ್‌ಗಳು ಅದನ್ನು ಓದುತ್ತಲೇ ಇಲ್ಲ ಎಂಬ ದೂರು. ಅಕ್ಕ ಸ್ಟೂಲು ಎಳೆದುಕೊಂಡು ಗಾಡಿಯ ಪಕ್ಕ ಕೂತು, ಪರದೆಯನ್ನು ಬಿಟ್ಟು ನರ್ಸ್‌ಗಳ ಬೆರಳನ್ನೇ ನೋಡತೊಡಗಿದರು. ಪೆಟ್ಟಿಗೆ ಮೂಡುವ ಮೊದಲೇ ಬೆರಳು 'ಸರಿ' ಗುಂಡಿಯ ಮೇಲೆ ಕಾದಿರುತ್ತಿತ್ತು.

"ಓದಲ್ವಾ ಸಿಸ್ಟರ್?" ಎಂದು ಕೇಳಿದರು.

"ಏನು ಓದೋದು ಅಕ್ಕಾ? ಮಾತ್ರೆ ಊಟ ಆದ್ಮೇಲೆ ಕೊಡಿ ಅನ್ನೋದಕ್ಕೂ ಕೆಂಪು, ಕೊಟ್ರೆ ಜೀವ ಹೋಗತ್ತೆ ಅನ್ನೋದಕ್ಕೂ ಕೆಂಪು. ದಿನವಿಡೀ ಕೂಗೋರ ಮಾತು ಯಾರು ಕೇಳ್ತಾರೆ?" ಎಂದರು ವಾರ್ಡಿನ ಹಿರಿಯ ನರ್ಸ್.

ಅಕ್ಕ ಆ ಮಾತನ್ನು ಹಾಗೇ ಆಸ್ಪತ್ರೆಯ ಸಭೆಗೆ ಒಯ್ದು, ಬೇಡದ ಎಚ್ಚರಿಕೆಗಳನ್ನು ತೆಗೆಸೋಣ ಎಂದರು. ಮುಖ್ಯ ವೈದ್ಯರು ಕೇಳಿದ ಪ್ರಶ್ನೆ ಕಠಿಣವಾಗಿತ್ತು: "ನೀವು ತೆಗೆಸಿದ ಎಚ್ಚರಿಕೆ ಇಲ್ಲದ್ದರಿಂದಲೇ ಯಾರಿಗಾದರೂ ಹೆಚ್ಚುಕಮ್ಮಿಯಾದರೆ?" ಅಕ್ಕ ಈಗಲೂ ಅದನ್ನು ಒಪ್ಪುತ್ತಾರೆ: "ಅವರು ಕೇಳಿದ್ದು ಸರಿಯಾಗೇ ಇತ್ತು. ಸುಮ್ನಿದ್ರೆ ನನ್ನ ತಲೆ ಮೇಲೆ ಏನೂ ಬರ್ತಿರಲಿಲ್ಲ. ಕೈ ಹಾಕಿದ್ರೆ ಎಲ್ಲಾ ನನ್ನ ಮೇಲೇ."

ಸುಮ್ಮನಿರಲು ಮನಸ್ಸು ಒಪ್ಪಲಿಲ್ಲ. ಆಸ್ಪತ್ರೆಯ ಔಷಧ ತಜ್ಞೆಯ ಜತೆ ಕೂತು ಒಂದೊಂದೇ ಎಚ್ಚರಿಕೆಯನ್ನು ಜಾಲಾಡಿದರು. ಯಾವುದು ಪ್ರಾಣಕ್ಕೆ ಎರವಾಗುವಂಥದ್ದು, ಯಾವುದು ಬರೀ ಸಲಹೆ ಎಂದು ಔಷಧ ತಜ್ಞೆ ಬೇರ್ಪಡಿಸಿದರು. ಮುಖ್ಯ ವೈದ್ಯರೇ ಖುದ್ದಾಗಿ ಕೂತು ಮತ್ತೆ ಪರಿಶೀಲಿಸಿದರು. ಸಲಹೆಗಳು ಪರದೆಯ ಅಂಚಿಗೆ ಸರಿದು ತಣ್ಣಗೆ ಕೂತವು. ಅಪಾಯದ್ದಕ್ಕೆ ಮಾತ್ರ ಕೆಂಪು ಉಳಿಯಿತು. ಅದರಲ್ಲಿ 'ಸರಿ' ಗುಂಡಿಯೇ ಇಲ್ಲ. ಮುಂದುವರಿಯಬೇಕಾದರೆ ಕಾರಣ ಬರೆಯಬೇಕು. ಮೊದಲು ಇದೊಂದೇ ವಾರ್ಡಿನಲ್ಲಿ ಪ್ರಯೋಗ ಮಾಡಿ ನೋಡೋಣವೆಂದು ಮುಖ್ಯ ವೈದ್ಯರು ಒಪ್ಪಿದರು. ಆ ದಿನಗಳಲ್ಲಿ ಅಕ್ಕ ಫೋನನ್ನು ದಿಂಬಿನ ಪಕ್ಕವೇ ಇಟ್ಟುಕೊಂಡು ಮಲಗುತ್ತಿದ್ದರು.

ಕೊನೆಗೊಂದು ದಿನ ಫೋನು ಬಂದೇಬಂತು. ಹಿರಿಯ ನರ್ಸ್ ಒಂದೇ ಉಸಿರಿಗೆ ಹೇಳಿದರು: "ಅಕ್ಕಾ, ಕೆಂಪು ಬಂತು! ಗೋಡೆ ಪಕ್ಕದ ಹಾಸಿಗೆಯ ಅಜ್ಜನಿಗೆ ಇಂಜೆಕ್ಷನ್ ಹಾಕೋಕೆ ಹೊರಟಿದ್ದೆ. ಆ ಔಷಧ ಅವರಿಗೆ ಒಗ್ಗಲ್ಲ ಅಂತ ತೋರಿಸ್ತು. ಡಾಕ್ಟರಿಗೆ ಹೇಳಿ ಬೇರೆ ಬರೆಸ್ಕೊಂಡೆ. ಹಳೇ ಪರದೆ ಆಗಿದ್ರೆ ಒತ್ತಿಬಿಡ್ತಿದ್ದೆ ಕಣಕ್ಕಾ." ಅಕ್ಕ ಫೋನಿಟ್ಟು ನೇರವಾಗಿ ಮುಖ್ಯ ವೈದ್ಯರ ಕೋಣೆಗೆ ಹೋದರಂತೆ. ಈಗ ಆಸ್ಪತ್ರೆಯ ಎಲ್ಲ ವಾರ್ಡುಗಳಲ್ಲೂ ಪರದೆ ಬದಲಾಗಿದೆ.

ಅಜ್ಜ ಮನೆಗೆ ಹೊರಟ ದಿನ ಅಕ್ಕ ಅದೇ ವಾರ್ಡಿನಲ್ಲಿದ್ದರು. ಅಜ್ಜನಿಗೆ ಏನೂ ಗೊತ್ತಿರಲಿಲ್ಲ. ಅಕ್ಕನ ಕತ್ತಿನಲ್ಲಿದ್ದ ಗುರುತುಪಟ್ಟಿ ನೋಡಿ, "ನೀವು ಡಾಕ್ಟ್ರಾ ತಾಯಿ?" ಎಂದು ಕೇಳಿದರು. ಇಲ್ಲ, ಕಂಪ್ಯೂಟರ್ ನೋಡಿಕೊಳ್ಳುತ್ತೇನೆ ಎಂದಾಗ ಅವರ ಮುಖ ಅರಳಿತು. "ಹಾಗಾದ್ರೆ ಒಂದು ಉಪಕಾರ ಮಾಡಮ್ಮ, ಈ ಫೋನಲ್ಲಿ ಅಕ್ಷರ ದೊಡ್ಡದು ಮಾಡ್ಕೊಡು."

ಪಕ್ಕದಲ್ಲಿದ್ದ ಹಿರಿಯ ನರ್ಸ್, ಈಗಲಾದರೂ ಹೇಳಿ ಎಂಬಂತೆ ಮೊಣಕೈಯಿಂದ ತಿವಿದರು. ಅಕ್ಕ ಹೇಳಲಿಲ್ಲ. ಯಾಕೆ ಎಂದರೆ ನಗುತ್ತಾರೆ: "ಏನಂತ ಹೇಳೋದು? ತಡೆದಿದ್ದು ಸಿಸ್ಟರ್. ನಾನು ಗಲಾಟೆ ಕಮ್ಮಿ ಮಾಡ್ದೆ, ಅಷ್ಟೇ. ಅಜ್ಜನಿಗೆ ಬೇಕಾಗಿದ್ದು ದೊಡ್ಡ ಅಕ್ಷರ. ಎಷ್ಟು ದೊಡ್ಡದು ಅಂತ ಕೇಳ್ದೆ. ಮೊಮ್ಮಗಳು ಫೋನ್ ಮಾಡಿದ್ರೆ ಅವಳ ಹೆಸರು ಕನ್ನಡಕ ಇಲ್ದೆ ಕಾಣ್ಬೇಕು ಅಂದ್ರು. ಕಾಣೋ ಹಾಗೆ ಮಾಡ್ಕೊಟ್ಟೆ."