ಕತ್ತಿನ ಹಿಂದಿನ ಕೈ

ಮಾಸಾನ್ ಬಂದರಿನ ಮೀನುಪೇಟೆಯಲ್ಲಿ ಪ್ಯೋ ಜೊಂಗಿಲ್ ಎಂಬ ಹೆಸರು ಎತ್ತಿದರೆ ಮುದುಕರು ಇಂದಿಗೂ ಮೊದಲು ದವಡೆ ಸವರಿಕೊಳ್ಳುತ್ತಾರೆ, ಆಮೇಲೆ ಮಾತಾಡುತ್ತಾರೆ. ಆಸಾಮಿಗೆ ಕೋಪ ಮೂಗಿನ ತುದಿಯಲ್ಲೇ. ಹರೆಯದಲ್ಲಿ ಬಂದರಿನ ಹಿಂದಿನ ಬಾಕ್ಸಿಂಗ್ ಗರಡಿಯಲ್ಲಿ ಕೈ ಪಳಗಿಸಿಕೊಂಡ, ಪಳಗಿದ ಕೈಯನ್ನು ಮೀನಿನ ಪೆಟ್ಟಿಗೆ ಇಳಿಸುವವರ ಮೇಸ್ತ್ರಿಯ ಮುಖದ ಮೇಲೆ ಪರೀಕ್ಷೆ ಮಾಡಿದ. ಅಮ್ಮನ ಕೂಲಿಯಲ್ಲಿ ಮುರಿದುಕೊಂಡಿದ್ದಕ್ಕೆ ಹೊಡೆದ ಏಟು ಅದು. ಮೇಸ್ತ್ರಿಯ ಹಲ್ಲುಗಳನ್ನು ಮಂಜುಗಡ್ಡೆಯ ಪುಡಿಯಲ್ಲಿ ಹುಡುಕಿ ತೆಗೆದರಂತೆ. ಜೊಂಗಿಲ್ ಜೈಲಿಗೆ ಹೋದ. ಅವನು ಒಳಗಿದ್ದಾಗಲೇ ಅಮ್ಮ ತೀರಿಕೊಂಡಳು, ಮಣ್ಣು ಹಾಕುವುದಕ್ಕೂ ಅವನು ಸಿಗಲಿಲ್ಲ.

ಜೈಲು ಕಂಡು ಬಂದವನಿಗೆ ಹೆಣ್ಣು ಯಾರು ಕೊಡುತ್ತಾರೆ? ಮಾಲ್ಸುನ್ ತಾನೇ ಬಂದಳು. ಕಡಲ ಸಿಂಪಿ ಒಡೆದು ಮಾಂಸ ತೆಗೆಯುವ ಶೆಡ್ಡಿನ ಕೆಲಸದವಳು. ಕೈಯಲ್ಲಿ ಚೂರಿ ಹಿಡಿದೇ ಮದುವೆ ಮಾತು ಮುಗಿಸಿದಳು.

"ನೋಡ್ರೀ, ಕುಡೀರಿ, ಬೈರಿ, ತಟ್ಟೆ ಎಸೀರಿ, ನಾನು ಬೇಡ ಅನ್ನಲ್ಲ. ಆದ್ರೆ ಮನುಷ್ಯರ ಮೇಲೆ ಕೈ ಎತ್ತಬಾರ್ದು. ಎತ್ತಿದ ದಿನ ನಾನಿರಲ್ಲ."

"ಯಾರಾದ್ರೂ ಮೊದಲು ಹೊಡೆದ್ರೆ?"

"ಹೊಡಿಸ್ಕೊಳ್ಳಿ."

ಅವನು ಒಪ್ಪಿದ. ಆದರೆ ಅಂಥ ಕೈಗಳನ್ನು ಸುಮ್ಮನೆ ಕೂರಿಸುವುದು ಹೇಗೆ? ಹಿಡಿದುಕೊಳ್ಳಲು ಏನಾದರೂ ಬೇಕಿತ್ತು. ಸ್ಟಿಯರಿಂಗ್ ಹಿಡಿದ.

ವರ್ಷಗಟ್ಟಲೆ ಕಂಪನಿಯ ಟ್ಯಾಕ್ಸಿ ಓಡಿಸಿದ. ಒಂದೂ ಅಪಘಾತವಿಲ್ಲದೆ ಓಡಿಸಿದವನಿಗೆ ಮಾತ್ರ ಸ್ವಂತ ಟ್ಯಾಕ್ಸಿಯ ಪರವಾನಗಿ. ಅದಕ್ಕಾಗಿ ಅವನು ನುಂಗಿದ್ದು ಅಷ್ಟಿಷ್ಟಲ್ಲ. ಕುಡುಕರು ಹಿಂದಿನ ಸೀಟಿನಲ್ಲಿ ವಾಂತಿ ಮಾಡಿದರು. ಒಬ್ಬ ಹಿಂದಿನಿಂದ ತಲೆಗೆ ಬೂಟುಗಾಲಿನಲ್ಲಿ ಒದ್ದ. ಇನ್ನೊಬ್ಬ ಬಾಡಿಗೆ ಕೇಳಿದ್ದಕ್ಕೆ ಮುಖಕ್ಕೆ ಉಗಿದ. ಜೊಂಗಿಲ್ ಸ್ಟಿಯರಿಂಗನ್ನು ಕೈ ಬೆಳ್ಳಗಾಗುವಷ್ಟು ಅದುಮಿ ಹಿಡಿದು ಕೂತ, ತೋಳಿನಿಂದ ಉಗುಳು ಒರೆಸಿಕೊಂಡ. ಆ ಟ್ಯಾಕ್ಸಿಯ ಸ್ಟಿಯರಿಂಗ್ ಕವರು ಅವನ ಬೆರಳಿದ್ದಲ್ಲೆಲ್ಲ ಹರಿದುಹೋಗಿತ್ತು.

ಕೊನೆಗೂ ಸ್ವಂತ ಟ್ಯಾಕ್ಸಿ ಬಂತು. ಬಾನೆಟ್ಟಿನ ಮೇಲೆ ಬೇಯಿಸಿದ ಹಂದಿಯ ತಲೆ ಇಟ್ಟು, ನಾಲ್ಕೂ ಚಕ್ರಕ್ಕೆ ಅಕ್ಕಿಹೆಂಡ ಸುರಿದು, ಗಂಡ ಹೆಂಡತಿ ರಸ್ತೆಯಲ್ಲೇ ಅಡ್ಡಬಿದ್ದರು. ಬಿಳಿದಾರ ಸುತ್ತಿದ ಒಣಮೀನನ್ನು ಮಾಲ್ಸುನ್ ಡಿಕ್ಕಿಯಲ್ಲಿ ಭದ್ರವಾಗಿ ಕಟ್ಟಿಟ್ಟಳು, ಕೆಟ್ಟದ್ದೆಲ್ಲ ಅದರ ಬಾಯಿಗೆ ಹೋಗಲಿ ಎಂದು. ಜೊಂಗಿಲ್‌ಗೆ ಈ ಟ್ಯಾಕ್ಸಿ ಇದ್ದರೆ ಕೈಗಳಿಗೆ ಕೆಲಸ, ಕೈಗಳಿಗೆ ಕೆಲಸವಿದ್ದರೆ ಮಾಲ್ಸುನ್. ಅವನ ಬಾಳಿನ ಲೆಕ್ಕ ಇಷ್ಟೇ.

ಈ ಲೆಕ್ಕಕ್ಕೆ ಬೆಂಕಿ ಬಿದ್ದಿದ್ದು ವಿಮೆಯಿಂದ. ವಿಮೆ ಇಲ್ಲದ ಟ್ಯಾಕ್ಸಿ ಮನೆಯ ಮುಂದಿನಿಂದ ಕದಲುವ ಹಾಗಿಲ್ಲ, ಮತ್ತು ವಿಮೆಯ ಕಂತು ವರ್ಷ ವರ್ಷ ಏರುತ್ತಿತ್ತು. ಯಾಕೆ ಏರುತ್ತದೆಂದು ಊರಿಗೆಲ್ಲ ಗೊತ್ತು. ನೈಲಾನ್ ರೋಗಿಗಳು. ಹತ್ತಿಯಂತೆ ಕಾಣುವ ನೈಲಾನಿನ ಹಾಗೆ ರೋಗಿಯಂತೆ ಕಾಣುವವರು. ಇವರ ಕಾರಿಗೆ ಹಿಂದಿನಿಂದ ನೊಣ ಕೂತರೂ ಸಾಕು, ಬಾಗಿಲು ತೆಗೆದು ಇಳಿಯುವಾಗಲೇ ಒಂದು ಕೈ ಕತ್ತಿನ ಹಿಂದಕ್ಕೆ ಹೋಗಿರುತ್ತದೆ. ನಾಟಿವೈದ್ಯದ ಆಸ್ಪತ್ರೆಯಲ್ಲಿ ವಾರಗಟ್ಟಲೆ ಮಲಗಿ, ಸೂಜಿ ಚುಚ್ಚಿಸಿಕೊಂಡು, ಕಷಾಯ ಕುಡಿದು, ವಿಮೆಯವರಿಂದ ರಾಜಿ ಹಣ ಪಡೆದ ಮೇಲೆಯೇ ಅವರ ಕತ್ತು ನೆಟ್ಟಗಾಗುವುದು.

ಗ್ಯಾಸ್ ಬಂಕಿನಲ್ಲಿ ಟ್ಯಾಕ್ಸಿಯವರು ಕಾಗದದ ಲೋಟದಲ್ಲಿ ಕಾಫಿ ಹಿಡಿದು ನಿಂತರೆ ಬೇರೆ ಮಾತೇ ಇರುತ್ತಿರಲಿಲ್ಲ. ಜೊಂಗಿಲ್‌ನ ಜೊತೆಗಾರ ಬೊಂಗ್‌ಚಲ್ ದಿನವೂ ಶುರುಮಾಡುತ್ತಿದ್ದ.

"ಅಣ್ಣ, ನಾನು ಒಂದ್ ಸಲಾನೂ ಯಾರಿಗೂ ಗುದ್ದಿಲ್ಲ. ನಂದೂ ಏರ್ಸಿದಾರೆ ನೋಡು ಬಡ್ಡಿಮಕ್ಳು."

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಕಣೋ. ನೀನು ಎಮ್ಮೆ."

"ನೀನೇನು ಕುದುರೇನಾ?"

"ನಾನೂ ಎಮ್ಮೇನೇ. ಆದ್ರೆ ಕೊಂಬು ಕಟ್ಟಾಕಿದಾರೆ, ಅದಕ್ಕೇ ಬದುಕಿದಾರೆ ಎಲ್ರೂ."

ನಗುತ್ತಿದ್ದರು. ಆದರೆ ನಗುವಾಗಲೂ ಜೊಂಗಿಲ್‌ನ ಕೈಯಲ್ಲಿದ್ದ ಲೋಟ ಹಿಂಡಿಹೋಗಿ ಕಾಫಿ ಚೆಲ್ಲಿರುತ್ತಿತ್ತು.

ಆ ಮಳೆಗಾಲದಲ್ಲಿ ಸಿಗ್ನಲ್ಲಿನಲ್ಲಿ ನಿಂತಿದ್ದಾಗ ಜೊಂಗಿಲ್‌ನ ಒದ್ದೆ ಬೂಟು ಬ್ರೇಕಿನಿಂದ ಜಾರಿತು. ಟ್ಯಾಕ್ಸಿ ಮುಂದೆ ತೆವಳಿ ಮುಂದಿದ್ದ ಬಿಳಿ ಕಾರಿಗೆ ತಗುಲಿತು. ಗುದ್ದಿತು ಅನ್ನುವುದೂ ಹೆಚ್ಚಾಯಿತು, ತಗುಲಿತು. ಬಂಪರಿನ ಮೇಲಿದ್ದ ಮಳೆಹನಿ ಉದುರಿದ್ದು ಬಿಟ್ಟರೆ ಒಂದು ಗೀರೂ ಇಲ್ಲ. ಜೊಂಗಿಲ್ ಇಳಿದು ಸೊಂಟ ಬಗ್ಗಿಸಿ ಕ್ಷಮೆ ಕೇಳಲು ಹೋದ. ಬಿಳಿ ಕಾರಿನ ಬಾಗಿಲು ತೆರೆಯಿತು. ದಪ್ಪ ಮುಖದ, ನಡುವಯಸ್ಸಿನ ಒಬ್ಬ ಇಳಿದ. ಅವನ ಬಲಗೈ ಕತ್ತಿನ ಹಿಂದಿತ್ತು.

ಹೆಸರು ಥಾಕ್ ಸಾಂಗ್‌ಹೊ. ನೆಲಕ್ಕೆ ಹಾಸುವ ಲಿನೋಲಿಯಂ ಮಾರುವವನು. ಅಂದೇ ಸಂಜೆ ಆಸ್ಪತ್ರೆ ಸೇರಿದ.

ವಾರಗಳು ಕಳೆದವು, ಅವನು ಎದ್ದು ಬರಲಿಲ್ಲ. ವಿಮೆ ಕಚೇರಿಗೆ ಜೊಂಗಿಲ್ ಬೊಂಗ್‌ಚಲ್‌ನನ್ನು ಕರೆದುಕೊಂಡು ಹೋದ. ಕೌಂಟರಿನ ಗಾಜಿನ ಆಚೆ ಕೂತವನು ಕಂಪ್ಯೂಟರಿನಿಂದ ಕಣ್ಣೆತ್ತದೆ ಹೇಳಿದ.

"ಮುಂದಿನ ವರ್ಷದ ಕಂತು ಎರಡರಷ್ಟಾಗುತ್ತೆ ಸರ್. ಇನ್ನೊಂದು ಅಪಘಾತ ಆದ್ರೆ ನಿಮ್ಮನ್ನ ತಗೊಳ್ಳೋದೇ ಕಷ್ಟ."

"ಯಾವ ಅಪಘಾತ? ಬಂಪರ್ ನೋಡಿದ್ರಾ?"

"ಬಂಪರ್ ಪ್ರಶ್ನೆ ಅಲ್ಲ ಸರ್. ಅವರಿಗೆ ನೋವಿದೆ ಅಂತ ವೈದ್ಯರು ಬರೆದಿದಾರೆ."

"ಅಷ್ಟು ಕಟ್ಟಿದ್ರೆ ನನಗೆ ತಿನ್ನೋಕೇನೂ ಉಳಿಯಲ್ಲ. ಟ್ಯಾಕ್ಸಿ ಮಾರ್ಬೇಕಾಗುತ್ತೆ. ಮಾರಿ ನಾನೇನ್ ಮಾಡ್ಲಿ?"

"ಅದು ನಮಗೆ ಸಂಬಂಧಪಟ್ಟಿದ್ದಲ್ಲ ಸರ್."

ಜೊಂಗಿಲ್‌ನ ಮುಷ್ಟಿ ಗಾಜಿಗೆ ಅಪ್ಪಳಿಸಿದ್ದು ಅವನಿಗೇ ಆಮೇಲೆ ತಿಳಿಯಿತು. ಗಾಜು ಒಡೆದು ಕೌಂಟರಿನ ತುಂಬ ಹರಡಿತು. ಗುಮಾಸ್ತ ಕುರ್ಚಿಯ ಸಮೇತ ಹಿಂದಕ್ಕೆ ಬಿದ್ದ. ಮೊಣಕೈವರೆಗೆ ರಕ್ತ ಸುರಿಯುತ್ತಿದ್ದ ಕೈ ಗಾಜಿನ ಕಿಂಡಿಯ ಒಳಗೆ ಅವನ ಕಾಲರು ಹುಡುಕುತ್ತಿತ್ತು. ಬೊಂಗ್‌ಚಲ್ ಸೊಂಟ ತಬ್ಬಿ ಎಳೆಯದಿದ್ದರೆ ಅಂದೇ ಏನೋ ಆಗಿಹೋಗುತ್ತಿತ್ತು. ಆದದ್ದು ಅಂದೇ ಆಗಿದ್ದರೆ ಇನ್ನೂ ಚೆನ್ನಾಗಿತ್ತು ಎಂದು ಬೊಂಗ್‌ಚಲ್ ಆಮೇಲೆ ಎಷ್ಟೋ ಸಲ ಹೇಳಿದ್ದಾನೆ.

ಮನೆಯಲ್ಲಿ ಮಾಲ್ಸುನ್ ಅವನ ಕೈಯಿಂದ ಗಾಜಿನ ಚೂರು ಕಿತ್ತಳು. ಸಿಂಪಿ ಒಡೆದು ಪಳಗಿದ ಕೈ, ನೋಯಿಸುವುದಕ್ಕೆ ಹಿಂದೆಮುಂದೆ ನೋಡಲಿಲ್ಲ. ಬಟ್ಟೆ ಕಟ್ಟಿ ಮುಗಿಸಿದ ಮೇಲೆ ಹೇಳಿದಳು.

"ಗಾಜು ಮನುಷ್ಯ ಅಲ್ಲ. ಅದಕ್ಕೆ ಈ ಸಲ ಬಿಟ್ಟಿದೀನಿ."

ಸಾಂಗ್‌ಹೊ ಸಿಕ್ಕಿದ್ದು ಮುಂದಿನ ವಾರ, ಬೀದಿದೀಪ ಹತ್ತುವ ಹೊತ್ತಿಗೆ. ಆಸ್ಪತ್ರೆಯ ಹಿಂದಿನ ಗೇಟಿನಲ್ಲಿ ಒಬ್ಬ ಟ್ಯಾಕ್ಸಿಗೆ ಕೈ ಅಡ್ಡ ಹಿಡಿದ. ದಪ್ಪ ಜಾಕೆಟ್ಟಿನ ಕೆಳಗೆ ಆಸ್ಪತ್ರೆಯ ಪಟ್ಟೆ ಪಾಯಿಜಾಮ, ಕಾಲಲ್ಲಿ ರಬ್ಬರ್ ಚಪ್ಪಲಿ. ಸಂಜೆಯಾದರೆ ನೈಲಾನ್ ರೋಗಿಗಳು ಹೀಗೆಯೇ ತಿನ್ನಲು ಕುಡಿಯಲು ಹೊರಬೀಳುತ್ತಾರೆ, ಟ್ಯಾಕ್ಸಿಯವರಿಗೆ ಅದೇನೂ ಹೊಸತಲ್ಲ. ಜೊಂಗಿಲ್ ನಿಲ್ಲಿಸಿದ. ಕನ್ನಡಿಯಲ್ಲಿ ಮುಖ ನೋಡಿದ. ಮೈಯೆಲ್ಲ ಉರಿದುಹೋಯಿತು.

ಟೋಪಿ, ಮಾಸ್ಕು ಹಾಕಿದ್ದ ಡ್ರೈವರನ್ನು ಸಾಂಗ್‌ಹೊ ಗುರುತಿಸಲಿಲ್ಲ. "ಹಳೇ ಬಂದರಿನ ಹಾವುಮೀನಿನ ಅಂಗಡಿಗಳ ಹತ್ರ ಬಿಡಿ ಯಜಮಾನ್ರೇ" ಎಂದು ಫೋನು ಕಿವಿಗಿಟ್ಟ.

"ಹ್ಞೂಂ, ಬರ್ತಿದೀನಿ, ಒಂದ್ ಬಾಟ್ಲಿ ತರ್ಸಿಡು. ಇಲ್ಲ ಕಣೋ, ಇನ್ನೊಂದು ವಾರ ಮಲಗ್ತೀನಿ. ಬೇಗ ಎದ್ರೆ ವಿಮೆಯವ್ರು ಚಿಲ್ಲರೆ ಕೊಟ್ಟು ಕಳಿಸ್ತಾರೆ."

ಫೋನು ಇಟ್ಟು ಅವನು ತಲೆಯನ್ನು ಸೀಟಿಗೆ ಒರಗಿಸಿದ, ಕಣ್ಣು ಮುಚ್ಚಿದ, ಕತ್ತಿನ ಹಿಂದೆ ಕೈಯಿಟ್ಟು ಮೆಲ್ಲಗೆ ಒತ್ತಿಕೊಳ್ಳತೊಡಗಿದ. ಅದನ್ನೂ ಜೊಂಗಿಲ್ ಕನ್ನಡಿಯಲ್ಲಿ ನೋಡಿದ. ಥೂ, ನೋಡುವವರಿಲ್ಲದಾಗಲೂ ನಾಟಕ ಬಿಡಲಾರ ಇವನು ಎಂದುಕೊಂಡ.

ಟ್ಯಾಕ್ಸಿ ಹಾವುಮೀನಿನ ಅಂಗಡಿಗಳನ್ನು ದಾಟಿ ಹೋಯಿತು. ಸಾಂಗ್‌ಹೊ ಕಣ್ಣು ಬಿಡುವಷ್ಟರಲ್ಲಿ ಐಸ್ ಕಾರ್ಖಾನೆಯ ಹಿಂದಿನ ಖಾಲಿ ಹಡಗುಕಟ್ಟೆಯ ಮೇಲೆ ನಿಂತಿತ್ತು. ಜೊಂಗಿಲ್ ಮಾಸ್ಕು ತೆಗೆದ.

"ನನ್ನ ಪರಿಚಯ ಸಿಗ್ತಾ?"

ಸಿಕ್ಕಿತು. ಬಾಗಿಲ ಹಿಡಿಗೆ ಕೈ ಹಾಕಿದವನನ್ನು ಜೊಂಗಿಲ್ ಜಾಕೆಟ್ಟು ಹಿಡಿದು ಹೊರಗೆಳೆದ. ಮೊದಲ ಏಟು ಹೊಟ್ಟೆಗೆ. ಎರಡನೆಯದು ಕೆನ್ನೆಗೆ. ಸಾಂಗ್‌ಹೊನ ಬಾಯಿಂದ ರಕ್ತ, ಉಗುಳು ಒಟ್ಟಿಗೆ ಹಾರಿ ಜೊಂಗಿಲ್‌ನ ಕೈಗೆ ಕಟ್ಟಿದ್ದ ಬಟ್ಟೆಯ ಮೇಲೆ ಬಿತ್ತು. ಮೂವತ್ತು ವರ್ಷ ಕಟ್ಟಿಹಾಕಿದ್ದ ಕೈಗಳು ಬಿಡಿಸಿಕೊಂಡಿದ್ದವು. ತಲೆಗೆ ಒದ್ದ ಬೂಟು, ಮುಖಕ್ಕೆ ಉಗಿದವನು, ಗಾಜಿನ ಆಚೆಯ ಗುಮಾಸ್ತ, ಎಲ್ಲರಿಗೂ ಸೇರಿಸಿ ಇವನೊಬ್ಬನಿಗೇ ಕೊಟ್ಟ. ಸುಳ್ಳು ಹೇಳುವುದು ಯಾಕೆ, ಆ ಹೊತ್ತಿನಲ್ಲಿ ಅವನಿಗೆ ಸುಖವಾಗುತ್ತಿತ್ತು.

ಗದ್ದಕ್ಕೆ ಬಿದ್ದ ಏಟಿಗೆ ಸಾಂಗ್‌ಹೊನ ತಲೆ ಹಿಂದಕ್ಕೆ ಚಿಮ್ಮಿತು. ಅವನು ಹಡಗಿನ ಹಗ್ಗ ಕಟ್ಟುವ ಕಬ್ಬಿಣದ ಗೂಟಕ್ಕೆ ಬಡಿದು ಕೆಳಗೆ ಬಿದ್ದ. ಬಿದ್ದವನು ಅಲ್ಲಾಡಲಿಲ್ಲ.

"ಅಣ್ಣಾ, ಕತ್ತು" ಎಂದ. "ಕೈ ಗೊತ್ತಾಗ್ತಿಲ್ಲ. ಮುಟ್ಬೇಡಿ ಅಣ್ಣಾ, ಆಂಬುಲೆನ್ಸ್‌ಗೆ ಫೋನ್ ಮಾಡಿ."

ಜೊಂಗಿಲ್ ನಕ್ಕುಬಿಟ್ಟ. ಹೊಟ್ಟೆ ಹಿಡಿದುಕೊಂಡು ನಕ್ಕ. ಈ ಊರಿನಲ್ಲಿ ಕತ್ತು ಎಂದು ನರಳಿದವರನ್ನು ನಂಬಿ ಯಾವ ಕಾಲವಾಯಿತು?

"ಕತ್ತು? ಇನ್ನೂ ಕತ್ತಾ? ಏಳೋ ನಾಟಕದವನೇ. ಇಲ್ಲಿ ರಾಜಿ ಹಣ ಕೊಡೋರು ಯಾರೂ ಇಲ್ಲ."

ಬಗ್ಗಿ, ಎರಡೂ ಕೈಯಲ್ಲಿ ಕಾಲರು ಹಿಡಿದು, ನೆಲದಿಂದ ಎತ್ತಿ ಜಾಡಿಸಿದ. ಒಮ್ಮೆ ಅಲ್ಲ, ಮತ್ತೆ ಮತ್ತೆ. ತಲೆ ಎತ್ತ ಬೇಕಾದರತ್ತ ವಾಲಿತು. ಕೈಗಳು ಜಾಕೆಟ್ಟಿನ ತೋಳಿನಿಂದ ಸುಮ್ಮನೆ ಜೋತುಬಿದ್ದಿದ್ದವು. ಆಗ ಜೊಂಗಿಲ್ ಒಂದನ್ನು ಗಮನಿಸಿದ. ಇಷ್ಟೆಲ್ಲ ಆದರೂ ಸಾಂಗ್‌ಹೊನ ಕೈ ಕತ್ತಿನ ಹಿಂದಕ್ಕೆ ಹೋಗಿರಲಿಲ್ಲ.

ಆಂಬುಲೆನ್ಸಿಗೆ ಫೋನು ಮಾಡಿದವನು ಜೊಂಗಿಲ್‌ನೇ. ಪೊಲೀಸರು ಬಂದಾಗ ಕಟ್ಟೆಯ ಮೇಲೆ ಮಂಡಿಯೂರಿ, ತನ್ನ ಜಾಕೆಟ್ಟು ಅವನಿಗೆ ಹೊದಿಸಿ ಕೂತಿದ್ದ.

ದೊಡ್ಡಾಸ್ಪತ್ರೆಯ ವೈದ್ಯೆ ಮಾಲ್ಸುನ್‌ಗೆ ಹೇಳಿದಳು, ಬಿದ್ದಾಗಲೇ ಮೂಳೆ ಮುರಿದಿತ್ತು, ಆದರೆ ಅಲ್ಲಾಡಿಸದೆ ಬಿಟ್ಟಿದ್ದರೆ ಬಹುಶಃ ಕೈಯ ಸ್ವಾಧೀನವಾದರೂ ಉಳಿಯುತ್ತಿತ್ತು, ಈಗ ಕತ್ತಿನ ಕೆಳಗೆ ಯಾವುದೂ ಅಲ್ಲಾಡದು ಎಂದು. ಅವನ ಕತ್ತಿನ ಮೂಳೆಯೊಳಗೆ ನರ ಹಾಯುವ ದಾರಿ ಮೊದಲಿನಿಂದಲೂ ಇಕ್ಕಟ್ಟಾಗಿತ್ತಂತೆ. ಅಂಥ ಕತ್ತಿನವರಿಗೆ ಸ್ವಲ್ಪ ತಗುಲಿದರೂ ನೋವು ಬರಬಹುದಂತೆ.

"ಹಾಗಾದ್ರೆ ಮೊದಲ್ನೇ ಸಲದ ನೋವು ನಿಜವಾ ಡಾಕ್ಟ್ರಮ್ಮ?"

"ಇದ್ದಿರಬಹುದು. ನೋವನ್ನ ನಾವು ಹೊರಗಿಂದ ಅಳೆಯೋಕಾಗಲ್ಲ ಅಜ್ಜಿ."

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೆ? ಮುಷ್ಟಿಯ ಹೊಡೆತಕ್ಕೆ ಯಾವ ವಿಮೆಯೂ ಇಲ್ಲ. ಪರಿಹಾರಕ್ಕಾಗಿ ಟ್ಯಾಕ್ಸಿಯನ್ನೂ ಪರವಾನಗಿಯನ್ನೂ ಮಾರಿದರು. ಕೊಂಡವನು ಡಿಕ್ಕಿಯ ಒಣಮೀನನ್ನು ಬಿಚ್ಚಿ ಬೊಂಗ್‌ಚಲ್‌ನ ಕೈಗೆ ಕೊಟ್ಟ. ಬೊಂಗ್‌ಚಲ್ ಅದನ್ನು ಸಮುದ್ರಕ್ಕೆ ಎಸೆದು ಬಂದ. ಆ ವರ್ಷವೂ ಎಲ್ಲರ ಕಂತು ಏರಿತು, ಗ್ಯಾಸ್ ಬಂಕಿನಲ್ಲಿ ಎಲ್ಲರೂ ಬೈದರು, ಆದರೆ ನೈಲಾನ್ ಎಂಬ ಮಾತು ಬಂದಾಗ ಬೊಂಗ್‌ಚಲ್ ಎದ್ದು ಹೋಗುತ್ತಿದ್ದ. ಮಾಲ್ಸುನ್ ಆಡಿದ ಮಾತಿಗೆ ತಪ್ಪಲಿಲ್ಲ. ಗಂಡನ ಜೈಲುವಾಸ ಮುಗಿಯುವವರೆಗೂ ತಿಂಗಳಿಗೊಮ್ಮೆ ಒಳಗೆ ಬಟ್ಟೆ ಕಳಿಸಿದಳು, ಬಿಡುಗಡೆಯ ದಿನ ಮನೆಯ ಬೀಗದ ಕೈಯನ್ನು ಬೊಂಗ್‌ಚಲ್‌ನ ಕೈಗಿತ್ತು ತಂಗಿಯ ಊರಿನ ಬಸ್ಸು ಹತ್ತಿದಳು.

ಜೊಂಗಿಲ್ ಆ ಖಾಲಿ ಮನೆಗೆ ಹೋಗಲಿಲ್ಲ. ನೇರ ಸಾಂಗ್‌ಹೊ ಮಲಗಿದ್ದ ಶುಶ್ರೂಷಾಲಯಕ್ಕೆ ಹೋಗಿ ಮಂಚದ ಪಕ್ಕದ ನೆಲದ ಮೇಲೆ ಮಂಡಿಯೂರಿ ಹಣೆ ತಗುಲಿಸಿದ. ಬೈಗುಳ ಬೀಳಲಿ ಎಂದು ಕಾದ. ಬೀಳಲಿಲ್ಲ. ಮಂಚದ ಮೇಲಿಂದ ಒಣಗಿದ ದನಿ ಬಂತು.

"ನೆಲ ಬಿಟ್ಟು ಏಳಿ. ಆಯಾ ಊಟಕ್ಕೆ ಹೋಗಿದಾಳೆ. ಒಂದ್ ಕೆಲಸ ಮಾಡಿಕೊಡ್ತೀರಾ?"

"ಹೇಳಿ."

"ಕತ್ತಿನ ಹಿಂದೆ ಹಿಡ್ಕೊಂಡಿದೆ. ಬೆಳಗಿಂದ. ಅಲ್ಲೊಂದು ಕಡೆ ಮಾತ್ರ ನಂಗೆ ಗೊತ್ತಾಗುತ್ತೆ. ಸ್ವಲ್ಪ ಒತ್ತಿ."

ಜೊಂಗಿಲ್ ಕೈಯನ್ನು ಅಂಗಿಗೆ ಒರೆಸಿಕೊಂಡ. ದಿಂಬಿಗೂ ಕತ್ತಿಗೂ ನಡುವೆ ಬೆರಳು ತೂರಿಸಿ, ಮುರಿಯುತ್ತದೇನೋ ಎಂಬಂತೆ ಮೆಲ್ಲಗೆ ಒತ್ತಿದ.

"ಇನ್ನೂ ಕೆಳಗೆ" ಎಂದ ಸಾಂಗ್‌ಹೊ. "ಹಾಂ. ಅಲ್ಲೇ. ಅವತ್ತು ಸಿಗ್ನಲ್‌ನಲ್ಲಿ ನಿಮ್ಮ ಟ್ಯಾಕ್ಸಿ ತಗುಲಿದಾಗ ನೋಯ್ತಿದ್ದಿದ್ದೂ ಅಲ್ಲೇ."

ಆಯಾ ಊಟ ಮುಗಿಸಿ ಬಂದು, ಸಾಕು ಬಿಡಿ ಅಜ್ಜ, ನಾನು ನೋಡ್ಕೋತೀನಿ ಎಂದಾಗಲೂ ಜೊಂಗಿಲ್ ಕೈ ತೆಗೆಯಲಿಲ್ಲ.