ಪರದೆಯ ಮೇಲೆ ಮಿಡಿದ ಹೃದಯ

“ಸರ್, ನನ್ನ ಎದ್ಯಾಗಿನ ತೂತು ಇದರಾಗ ಎಲ್ಲಿ ಬರತೈತ್ರಿ?”

ಒಂಬತ್ತನೇ ತರಗತಿಯ ಶಬಾನಾ ಸೈಬರ್ ಕೆಫೆಯ ಕಂಪ್ಯೂಟರ್ ಪರದೆಯತ್ತ ಕೈ ಮಾಡಿ ಕೇಳಿದಳು. ನಾನು ಖಾನಾಪುರದಲ್ಲಿ ವಿಜ್ಞಾನ ಶಿಕ್ಷಕ. ಇಂಟರ್‌ನೆಟ್ ಹೊಸದಾಗಿದ್ದ ಆ ದಿನಗಳಲ್ಲಿ, ಮಿಡಿಯುವ ಹೃದಯದ ಚಿತ್ರ ತೋರಿಸಲು ಮಕ್ಕಳನ್ನು ಬೆಳಗಾವಿಗೆ ಕರೆತಂದಿದ್ದೆ. ಶಬಾನಾಳ ಹೃದಯದಲ್ಲಿ ಹುಟ್ಟಿನಿಂದಲೇ ರಂಧ್ರವಿತ್ತು. ಆಪರೇಷನ್ ಎಂದರೆ ಅಳುತ್ತಿದ್ದಳು.

ಪಕ್ಕದಲ್ಲಿ ಕುಳಿತು, ಚಿತ್ರದಲ್ಲಿ ಹೃದಯದ ಎರಡು ಕೋಣೆಗಳ ನಡುವಿನ ಗೋಡೆಯನ್ನು ಬೆರಳಿಟ್ಟು ತೋರಿಸಿದೆ. ಅವಳು ಬಹಳ ಹೊತ್ತು ನೋಡಿದಳು. ನಂತರ ನನ್ನತ್ತ ತಿರುಗಿ, “ಇದನ್ನ ಹೊಲಿಯಾಕ ಬರತೈತಲ್ರಿ?” ಎಂದಳು.

“ಬರತೈತವ್ವಾ” ಎಂದೆ.

ಆ ಬೇಸಿಗೆಯಲ್ಲಿ ಆಪರೇಷನ್‌ಗೆ ಅವಳೇ ಒಪ್ಪಿದಳು. ಜೂನ್‌ನಲ್ಲಿ ಶಾಲೆಯ ಮೆಟ್ಟಿಲನ್ನು ಏದುಸಿರಿಲ್ಲದೆ ಹತ್ತಿ ಬಂದಳು. ಪಾಠ ಪುಸ್ತಕದಿಂದ ಬರಲಿ, ಪರದೆಯಿಂದ ಬರಲಿ, ಮಗು ತಿರುಗಿ ನೋಡುವಾಗ ನಾನು ಪಕ್ಕದಲ್ಲಿರಬೇಕೆಂದು ಅಂದಿನಿಂದ ಅಂದುಕೊಂಡಿದ್ದೇನೆ.