ಗುಡ್ಡದ ದೇವರ ಹೆಸರು

ನಲವತ್ತು ದಾಟಿದ ಮೇಲೆ ನಾನು ಮಾತಾಡುವುದನ್ನು ಕಲಿಯಲು ಹೋದೆ. ಹೀಗೆಂದರೆ ನನ್ನನ್ನು ಬಲ್ಲವರು ನಗುತ್ತಾರೆ. ಸೂಡಿಯ ತವರಿನಲ್ಲೂ ರೋಣದ ಗಂಡನ ಮನೆಯಲ್ಲೂ ನನ್ನ ಬಾಯಿಗೆ ಹೆದರದವರಿಲ್ಲ. ಕಾಯಿಪಲ್ಲೆ ಮಾರುವವನು ನನ್ನನ್ನು ಕಂಡರೆ ಕೇಳುವ ಮುಂಚೆಯೇ ಒಂದು ಹಿಡಿ ಮೆಣಸಿನಕಾಯಿ ಹೆಚ್ಚು ಹಾಕುತ್ತಾನೆ. ಬಾಯಿದ್ದವರು ಬರಗಾಲದಲ್ಲೂ ಬದುಕುತ್ತಾರೆ ಎಂಬ ಮಾತನ್ನು ನಾನು ನಂಬಿಕೊಂಡೇ ಬೆಳೆದವಳು. ಆದರೆ ಓಣಿಯಲ್ಲಿ ಜಗಳಾಡುವ ಬಾಯಿ ಬೇರೆ, ಕುರ್ಚಿಯ ಮೇಲೆ ಕುಳಿತವರ ಮುಂದೆ ನಿಂತು ಕೆಲಸ ಕೇಳುವ ಬಾಯಿ ಬೇರೆ. ಅದು ತಿಳಿದದ್ದು ಅವರು ಹೋದ ಮೇಲೆ.

ಅವರು ಎಂದರೆ ನನ್ನ ಗಂಡ. ಮನೆಯ ಬಾಗಿಲಲ್ಲಿ ನಿಂತು ಕೂಗಿದರೆ ಕೇಳುವಷ್ಟು ದೂರದಲ್ಲಿ ಅವರ ಅಂಗಡಿಯಿತ್ತು. ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳಿಗೆ ಹೊಸ ತಾಮ್ರದ ತಂತಿ ಸುತ್ತಿಕೊಡುವ ಕೆಲಸ. ಬೆಳವಣಕಿಯಿಂದ, ಮುಶಿಗೇರಿಯಿಂದ ಜನ ಮೋಟಾರನ್ನು ಬೈಕಿನ ಹಿಂದೆ ಬಿಗಿದುಕೊಂಡು ಬರುತ್ತಿದ್ದರು. ಸಂಜೆ ದೀಪ ಹಚ್ಚಿದ ಮೇಲೆ ನಮ್ಮ ಅತ್ತೆ ಹೊಸ್ತಿಲಲ್ಲಿ ನಿಂತು ಮಗನ ಹೆಸರು ಹಿಡಿದು ಕೂಗುತ್ತಿದ್ದರು. ಆ ಕಡೆಯಿಂದ ‘ಓ’ ಎಂದು ಬರುವವರೆಗೆ ಒಳಗೆ ಕಾಲಿಡುತ್ತಿರಲಿಲ್ಲ. ಫೋನು ಮಾಡಿದರಾಯಿತಲ್ಲ ಎಂದು ನಾನು ಗೊಣಗಿದರೆ, ಫೋನಿನಲ್ಲಿ ಅವನು ‘ಹಲೋ’ ಅನ್ನುತ್ತಾನೆ, ‘ಓ’ ಅನ್ನುವುದಿಲ್ಲ ಎನ್ನುತ್ತಿದ್ದರು.

ನನಗೆ ಹಾಗೆ ಕೂಗುವ ಹಕ್ಕಿರಲಿಲ್ಲ. ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಹೇಳಿದರೆ ಅವರ ಆಯುಷ್ಯ ಕಡಿಮೆಯಾಗುತ್ತದೆ ಎಂದು ಮದುವೆಗೆ ಮುಂಚೆಯೇ ಅವ್ವ ಹೇಳಿದ್ದಳು, ಮದುವೆಯಾದ ಮೇಲೆ ಅತ್ತೆ ಹೇಳಿದರು. ಯಾರಾದರೂ ಕೇಳಿದರೆ ಸುಳಿವು ಕೊಟ್ಟು ತಪ್ಪಿಸಿಕೊಳ್ಳಬೇಕು. ನಾನು ಗಜೇಂದ್ರಗಡದ ದಿಕ್ಕಿಗೆ ಕೈಮಾಡಿ, ಗುಡ್ಡದ ಮೇಲಿನ ದೇವರ ಹೆಸರು ಎನ್ನುತ್ತಿದ್ದೆ. ನಮ್ಮ ಸೀಮೆಯಲ್ಲಿ ಅಷ್ಟು ಸಾಕು, ಮನೆಗೊಬ್ಬರು ಆ ಹೆಸರಿನವರಿದ್ದಾರೆ.

ಬಾಯಿಬಿಟ್ಟು ಹೇಳಲು ಇದ್ದ ದಾರಿ ಒಡಪು ಒಂದೇ. ಮದುವೆಯಲ್ಲಿ, ಬಸುರಿಯರ ಕುಬಸದಲ್ಲಿ ಹೆಂಗಸರು ಬಾಗಿಲಿಗೆ ಅಡ್ಡ ನಿಂತು ಹೆಸರು ಹೇಳಿಸುವಾಗ ಎರಡು ಸಾಲು ಕಟ್ಟಿ ಅದರೊಳಗೆ ಗಂಡನ ಹೆಸರು ಸೇರಿಸಿದರೆ ದೋಷವಿಲ್ಲ. ನಾನು ನನ್ನದೇ ಒಂದನ್ನು ಕಟ್ಟಿಕೊಂಡಿದ್ದೆ. ‘ಸೂಡಿ ಹೊಂಡದ ತಿಳಿನೀರ ತಂದೀನಿ ತಂಬಿಗಿಯಾಗ’ ಎಂದು ಶುರುವಾಗಿ, ಅವರ ಹೆಸರು ಬಂದು, ‘ಬರಕೊಂಡೀನಿ ಎದಿಯಾಗ’ ಎಂದು ಮುಗಿಯುತ್ತಿತ್ತು. ಮದುವೆಯ ದಿನ ಹೆಸರು ಬರುವ ಜಾಗದಲ್ಲಿ ದನಿ ಇಳಿಸಿ, ಅರ್ಧ ನುಂಗಿ, ಒಳಗೆ ಓಡಿಹೋಗಿದ್ದೆ. ಅದನ್ನು ಹಿಡಿದುಕೊಂಡು ಅವರು ವರ್ಷಗಟ್ಟಲೆ ಕಾಡಿದರು. ಊಟಕ್ಕೆ ಬರ್ರಿ ಎಂದರೆ, ಯಾರನ್ನು ಕರೆಯುತ್ತಿದ್ದೀ ಗೊತ್ತಾಗಲಿಲ್ಲ, ಹೆಸರು ಹಿಡಿದು ಕರೆ ಎನ್ನುವರು. ನಾನು ತಾಟು ನೆಲಕ್ಕೆ ಕುಕ್ಕಿ ಸಪ್ಪಳ ಮಾಡುತ್ತಿದ್ದೆ. ಅದೇ ನಾನು ಅವರನ್ನು ಕರೆಯುತ್ತಿದ್ದ ಹೆಸರು ಅನ್ನಿ.

ಅವರಿಗೆ ಕಾಮಣಿಯಾಯಿತು. ಊರೂರಿನ ಸೊಪ್ಪಿನ ಔಷಧಿ ಮುಗಿಸಿ ಗದಗಿನ ದವಾಖಾನೆಗೆ ಒಯ್ಯುವಷ್ಟರಲ್ಲಿ ಕಣ್ಣು, ಉಗುರು ಎಲ್ಲ ಹಳದಿಯಾಗಿದ್ದವು. ಚೀಟಿ ಬರೆಯುವವನು ಪೇಶಂಟಿನ ಹೆಸರು ಕೇಳಿದ. ಅಭ್ಯಾಸಬಲ, ಅಲ್ಲಿಯೂ ನಾನು ಗುಡ್ಡದ ದೇವರು ಎಂದೆ. ಅವನಿಗೆ ಸಿಟ್ಟು ಬಂತು, ಹಿಂದೆ ಸಾಲು ಬೆಳೆದಿತ್ತು. ಆಗ ಗಾಲಿಮಂಚದ ಮೇಲೆ ಮಲಗಿದ್ದ ಅವರೇ ತಲೆ ಎತ್ತಿ ತಮ್ಮ ಹೆಸರು ಹೇಳಿದರು.

"ನಾ ಇರೂತನಕಾ ನನ್ನ ಹೆಸರ ನಾನ ಹೇಳ್ಕೋಬೇಕು ನೋಡ್ರಿ" ಎಂದು ಅವನಿಗೆ ಹೇಳಿ ನಕ್ಕರು.

ಅವರು ಅಲ್ಲಿಂದ ನಡೆದು ಹೊರಗೆ ಬರಲಿಲ್ಲ. ಅವರು ಹೋದ ದುಃಖದಷ್ಟೇ ಸಿಟ್ಟು ನನಗೆ. ಇಪ್ಪತ್ತು ವರ್ಷ ಬಾಯಿ ಕಟ್ಟಿಕೊಂಡು ಉಳಿಸಿಕೊಟ್ಟ ಆಯುಷ್ಯವೆಲ್ಲ ಎಲ್ಲಿಗೆ ಹೋಯಿತು? ಹಾಳು ಹೆಸರು, ದಿನಕ್ಕೆ ನೂರು ಸಲ ಕರೆದಿದ್ದರೂ ಇದಕ್ಕಿಂತ ಬೇಗ ಹೋಗುತ್ತಿದ್ದರೇ? ಈ ಮಾತನ್ನು ಅತ್ತೆಯ ಮುಂದೆ ಆಡುವಂತಿರಲಿಲ್ಲ. ಅವರು ಮಗನ ಮಣ್ಣು ಮುಗಿಸಿ ಬಂದ ಸಂಜೆ ದೀಪ ಹಚ್ಚಿ ಹೊಸ್ತಿಲವರೆಗೆ ಹೋಗಿ, ಅಲ್ಲಿಂದಲೇ ತಿರುಗಿ ಬಂದಿದ್ದರು. ಆಮೇಲೆ ಒಮ್ಮೆಯೂ ಕೂಗಲಿಲ್ಲ. ಮಗಳು ಅಪ್ಪ ಎನ್ನುತ್ತಾಳೆ, ನಾನು ಅವರು ಎನ್ನುತ್ತೇನೆ. ಹೀಗೆ ಆ ಹೆಸರೇ ನಮ್ಮ ಮನೆಯಿಂದ ಎದ್ದುಹೋಯಿತು.

ತವರಿನ ಅಣ್ಣ ಬಂದು, ಮಗಳನ್ನು ಕರೆದುಕೊಂಡು ಸೂಡಿಗೆ ಬಂದುಬಿಡು ಎಂದ. ಅತ್ತೆಯ ಬಗ್ಗೆ ಏನೂ ಹೇಳಲಿಲ್ಲ. ಅವನಿಗೆ ಚಹಾ ಕೊಟ್ಟು ಬಸ್ಸು ಹತ್ತಿಸಿದೆ. ಅಂಗಡಿಗೆ ಬೀಗ ಬಿದ್ದಿತ್ತು, ಮಗಳ ಕಾಲೇಜು ಇನ್ನೂ ಮುಗಿದಿರಲಿಲ್ಲ. ಮೂವರು ಹೆಂಗಸರ ಮನೆ ನಡೆಯಬೇಕಾದರೆ ನಾನು ದುಡಿಯಲೇಬೇಕಿತ್ತು. ಹತ್ತನೆಯ ತರಗತಿ ಪಾಸಾದ ನಾನು ಎಲ್ಲಿ ಕೆಲಸ ಕೇಳಿದರೂ, ಜನರ ಮುಂದೆ ಮಾತಾಡಿ ರೂಢಿ ಇದೆಯೇ ಎಂದೇ ಕೇಳುತ್ತಿದ್ದರು. ಮಗಳು ನನ್ನನ್ನು ಕೇಳದೆ ರೋಣದ ಒಂದು ಉದ್ಯೋಗ ತರಬೇತಿಗೆ ನನ್ನ ಹೆಸರು ಕೊಟ್ಟು ಬಂದಳು.

ಅಲ್ಲಿದ್ದವರೆಲ್ಲ ಮಗಳ ವಾರಿಗೆಯವರು. ಕಲಿಸಲು ನರಗುಂದದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಮೇಡಮ್ ಕೂಡ ನನಗಿಂತ ಎಷ್ಟೋ ಸಣ್ಣವಳು. ಎದುರಿನವರ ಕಣ್ಣು ನೋಡಿ ಮಾತಾಡುವುದು, ಕುರ್ಚಿಯ ತುದಿಯಲ್ಲಿ ಕೂರದೆ ಸರಿಯಾಗಿ ಕೂರುವುದು, ಕಂಪ್ಯೂಟರಿನಲ್ಲಿ ಹೆಸರು ಹೊಡೆಯುವುದು, ಸಿಟ್ಟಿನಲ್ಲಿ ಬಂದವರನ್ನು ಸಮಾಧಾನ ಮಾಡುವುದು, ಎಲ್ಲವನ್ನೂ ಕಲಿಸಿದಳು. ಸಿಟ್ಟು ಬಂದಾಗ ಹತ್ತರವರೆಗೆ ಎಣಿಸಿ ಎಂದಾಗ ನನಗೆ ನಗು ಬಂತು. ಹತ್ತು ಎಣಿಸುವಷ್ಟರಲ್ಲಿ ನಮ್ಮ ಓಣಿಯಲ್ಲಿ ಜಗಳ ಮುಗಿದು ಚಹಾಕ್ಕೆ ಇಟ್ಟಿರುತ್ತಾರೆ. ಆದರೂ ಕಲಿತೆ. ಕಲಿಯುವುದರಲ್ಲಿ ಒಂದು ಸುಖವಿತ್ತು, ಆ ಹೊತ್ತು ಮನೆಯ ಮೌನ ನೆನಪಾಗುತ್ತಿರಲಿಲ್ಲ.

ಒಂದು ದಿನ ಸಂದರ್ಶನದ ಅಭ್ಯಾಸ. ಮೇಡಮ್ ಮೇಜಿನ ಆಚೆ ಕುಳಿತು, ನಿಮ್ಮ ಬಗ್ಗೆ ಹೇಳಿ ಎಂದಳು. ನಾನು ಸೂಡಿಯಿಂದ ಶುರುಮಾಡಿದೆ. ಅಪ್ಪ ಏನು ಬೆಳೆಯುತ್ತಿದ್ದ, ಅಣ್ಣಂದಿರು ಎಷ್ಟು ಮಂದಿ, ಯಾವ ಮನೆತನಕ್ಕೆ ಕೊಟ್ಟರು, ಮಗಳು ಏನು ಓದುತ್ತಾಳೆ, ಅತ್ತೆಗೆ ಮೊಣಕಾಲು ಎಷ್ಟು ನೋಯುತ್ತದೆ ಎಲ್ಲ ಹೇಳಿದೆ. ಇದರಲ್ಲಿ ನೀವೆಲ್ಲಿದ್ದೀರಿ ಎಂದು ಅವಳು ಕೇಳಿದಳು. ನನಗೆ ಪ್ರಶ್ನೆಯೇ ತಿಳಿಯಲಿಲ್ಲ, ಅವರೆಲ್ಲರ ನಡುವೆಯೇ ಇದ್ದೆನಲ್ಲ. ಹೋಗಲಿ, ಗಂಡನ ಹೆಸರು ಹೇಳಿ ಎಂದಳು. ನನ್ನ ಕೈ ತಾನೇ ಎದ್ದು ಗಜೇಂದ್ರಗಡದ ಕಡೆ ಹೋಯಿತು. ಹುಡುಗಿಯರು ಕಿಸಕ್ಕೆಂದರು.

"ನಮ್ಮ ನರಗುಂದದಾಗೂ ಗುಡ್ಡ ಐತ್ರಿ ಅಕ್ಕಾರ, ಅದರ ಮ್ಯಾಲೂ ದೇವರದಾನ. ನಾ ಯಾವ ಗುಡ್ಡ ಅಂತ ಬರಕೊಳ್ಳಲಿ?" ಎಂದಳು ಮೇಡಮ್.

ಅವಳು ತಮಾಷೆಗೆ ಅಂದದ್ದು. ನಾನೂ ನಕ್ಕೆ. ನಗುತ್ತಾ ನಗುತ್ತಾ ಅದು ಯಾವಾಗ ಅಳುವಾಯಿತೋ ತಿಳಿಯಲಿಲ್ಲ. ಅವಳು ಹುಡುಗಿಯರನ್ನು ಹೊರಗೆ ಕಳಿಸಿ, ಕುರ್ಚಿ ಈಚೆ ತಂದು ನನ್ನ ಪಕ್ಕ ಕುಳಿತಳು. ಅವಳಿಗೆ ನನ್ನ ಸಂಗತಿ ಗೊತ್ತಿರಲಿಲ್ಲ, ನಾನು ಹೇಳಿರಲಿಲ್ಲ. ಎಲ್ಲ ಕೇಳಿದ ಮೇಲೆ ಸಣ್ಣ ದನಿಯಲ್ಲಿ, "ಈಗ ಹೆಸರ ಹೇಳಿದ್ರ ಏನಾಗ್ತೈತ್ರಿ ಅಕ್ಕಾರ?" ಎಂದಳು.

ಏನೂ ಆಗುವುದಿಲ್ಲ. ಅದೇ ನನ್ನ ಸಂಕಟವಾಗಿತ್ತು. ಹೇಳದೆ ಇರುವವರೆಗೆ, ನಾನು ಕಾಪಾಡಬೇಕಾದ ಅವರ ಆಯುಷ್ಯ ಎಲ್ಲೋ ಒಂದಿಷ್ಟು ಉಳಿದಿದೆ ಅನಿಸುತ್ತಿತ್ತು. ಹೇಳಿ, ಏನೂ ಆಗಲಿಲ್ಲವೆಂದರೆ ಅವರು ಖರೆಯಾಗಿಯೂ ಹೋದರೆಂದು ಒಪ್ಪಿಕೊಂಡಂತೆ. ಕಣ್ಣೊರೆಸಿಕೊಂಡು, ಹುಡುಗಿಯರನ್ನು ಒಳಗೆ ಕರೆಯಿರಿ ಎಂದಷ್ಟೇ ಅಂದೆ.

ಅವಳು ಆ ಪ್ರಶ್ನೆಯನ್ನು ಮತ್ತೆ ಎತ್ತಲಿಲ್ಲ. ದನಿಯ ವಿಷಯದಲ್ಲಿ ಮಾತ್ರ ಬಿಡಲಿಲ್ಲ. ಓಣಿಯಲ್ಲಿ ಗುಡುಗುವ ನನ್ನ ದನಿ ಮೇಜಿನ ಮುಂದೆ ಸೊಳ್ಳೆಯಷ್ಟಾಗುತ್ತಿತ್ತು. ದಿನಾ ಸಂಜೆ ನನ್ನನ್ನು ಅಂಗಳದ ತುದಿಗೆ ನಿಲ್ಲಿಸಿ ಹುಡುಗಿಯರ ಹಾಜರಿ ಕೂಗಿಸಿದಳು. ದನಿ ಗಂಟಲಿನಿಂದ ಬರಬಾರದು, ಹೊಟ್ಟೆಯಿಂದ ಬರಬೇಕು, ಕೊನೆಯ ಬೆಂಚಿನವರಿಗೆ ಕೇಳಬೇಕು ಎನ್ನುವಳು. ತಿಂಗಳೊಳಗೆ ಪಕ್ಕದ ಮನೆಯವರು ಹಾಜರಿ ಕೇಳಿ ಓ ಅನ್ನತೊಡಗಿದರು.

ಗಜೇಂದ್ರಗಡದ ಒಂದು ದವಾಖಾನೆಯಲ್ಲಿ ಚೀಟಿ ಬರೆದು ಪೇಶಂಟುಗಳನ್ನು ಒಳಗೆ ಕರೆಯುವ ಕೆಲಸ ಖಾಲಿಯಿದೆ ಎಂದು ಹೇಳಿ ಕಳಿಸಿದವಳೂ ಅವಳೇ. ಸಂದರ್ಶನದ ಹಿಂದಿನ ದಿನ ಅಂಗಡಿಯ ಬೀಗ ತೆಗೆದು ಒಳಗೆ ಹೋದೆ. ಮನೆಯಲ್ಲಿ ಅತ್ತೆ ಕೇಳಿಸಿಕೊಳ್ಳುತ್ತಾರೆ, ಇಲ್ಲಿ ಯಾರೂ ಇಲ್ಲ. ನಾಳೆ ಹೆಸರು ಕೇಳಿದರೆ ತಡವರಿಸಬಾರದು, ಇಲ್ಲೇ ಹೇಳಿ ರೂಢಿ ಮಾಡಿಕೊಳ್ಳೋಣ ಅಂದುಕೊಂಡಿದ್ದೆ. ಅರ್ಧ ಸುತ್ತಿದ ಮೋಟಾರೊಂದು ಅವರು ಬಿಟ್ಟ ಹಾಗೆಯೇ ಮಣೆಯ ಮೇಲಿತ್ತು. ನನ್ನ ಬಾಯಿ ತೆರೆಯಿತು, ದನಿ ಬರಲಿಲ್ಲ. ಕಸ ಗುಡಿಸಿ ಬಾಗಿಲು ಹಾಕಿಕೊಂಡು ಬಂದೆ.

ಮರುದಿನ ಗಂಡನ ಹೆಸರನ್ನು ಯಾರೂ ಕೇಳಲಿಲ್ಲ. ಊರು ಯಾವುದು, ಬಸ್ಸು ತಪ್ಪಿದರೆ ಏನು ಮಾಡುತ್ತೀರಿ ಎಂದು ಕೇಳಿ, ಹೊರಗೆ ಕುಳಿತವರಿಗೆ ಕೇಳುವಂತೆ ಯಾವುದಾದರೂ ಒಂದು ಹೆಸರು ಕೂಗಿ ಎಂದರು. ನಾನು ಮಗಳ ಹೆಸರು ಕೂಗಿದೆ. ಹೊರಗಿನವರೆಲ್ಲ ತಿರುಗಿ ನೋಡಿದರಂತೆ. ಸೋಮವಾರದಿಂದ ಬರ್ರಿ ಎಂದರು.

ಕುರ್ಚಿಯಲ್ಲಿ ಕುಳಿತ ಮೇಲೆ ಹೊಸ ಭಯ ಶುರುವಾಯಿತು. ಬಾಗಿಲಿನಿಂದ ಗುಡ್ಡ ಕಾಣುತ್ತಿತ್ತು. ಇದು ಆ ದೇವರದೇ ಊರು, ಇಲ್ಲಿ ಆ ಹೆಸರಿನವರು ಬರದೆ ಇನ್ನೆಲ್ಲಿಗೆ ಬರುತ್ತಾರೆ? ಆ ಹೆಸರು ಕರೆಯಲಾರದವಳಿಗೆ ಆ ಕುರ್ಚಿ ಉಳಿಯುವುದಿಲ್ಲ, ಕುರ್ಚಿ ಉಳಿಯದಿದ್ದರೆ ನಮ್ಮ ಮನೆಯ ಒಲೆ ಉರಿಯುವುದಿಲ್ಲ. ಆ ಹೆಸರಿನ ಯಾರಿಗೂ ನೆಗಡಿ ಕೂಡ ಬಾರದಿರಲಿ ಎಂದು ಅದೇ ದೇವರಿಗೆ ಕೈಮುಗಿದು ಎರಡು ದಿನ ಕಳೆದೆ.

ಮೂರನೆಯ ದಿನ ಮುಶಿಗೇರಿಯ ಮುದುಕಿಯೊಬ್ಬಳು ಗಂಡನನ್ನು ಕೈಹಿಡಿದು ಕರೆತಂದಳು. ಅವನನ್ನು ಕೊನೆಯ ಬೆಂಚಿನಲ್ಲಿ ಕೂರಿಸಿ, ನನ್ನ ಹತ್ತಿರ ಬಂದು, ಎದೆಯಲ್ಲಿ ಕಫ ಕಟ್ಟಿದೆ ಎಂದಳು. ಪೇಶಂಟಿನ ಹೆಸರು ಕೇಳಿದೆ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಮದುಮಗಳ ಹಾಗೆ ನಕ್ಕಳು.

"ಗುಡ್ಡದ ಮ್ಯಾಲಿನ ದೇವರ ಹೆಸರ ನೋಡ ಯವ್ವಾ" ಎಂದಳು.

ನಾನು ಮತ್ತೇನೂ ಕೇಳದೆ ಚೀಟಿ ಬರೆದೆ. ಆ ಮುದುಕನ ಪಾಳಿ ಬಂದಾಗ ಎದ್ದು ನಿಂತು ಹೆಸರು ಹೇಳಿದೆ. ನನಗೇ ಕೇಳಿಸಲಿಲ್ಲ. ಮಕ್ಕಳು ಅಳುತ್ತಿದ್ದವು, ಯಾರೋ ಫೋನಿನಲ್ಲಿ ಮಾತಾಡುತ್ತಿದ್ದರು. ಒಳಗಿನಿಂದ ನರ್ಸ್, ಜೋರಾಗಿ ಕರೆಯಿರಿ, ಡಾಕ್ಟರು ಕಾಯುತ್ತಿದ್ದಾರೆ ಎಂದಳು. ಮೇಡಮ್ ಹೇಳಿದ್ದು ನೆನಪಾಯಿತು. ಉಸಿರು ಹೊಟ್ಟೆಯವರೆಗೆ ಎಳೆದುಕೊಂಡು, ಕೊನೆಯ ಬೆಂಚಿಗೆ ಕೇಳುವಂತೆ ಇಡೀ ಹೆಸರನ್ನು, ಒಂದಕ್ಷರವನ್ನೂ ನುಂಗದೆ ಕರೆದೆ.

"ಓ" ಎಂದಿತು ಮೂಲೆಯಿಂದ ಒಂದು ಗಂಡುದನಿ.

ಮುದುಕ ಕೋಲೂರಿ ಎದ್ದು ಬಂದ. ನನ್ನ ಮುಂದೆ ಹಾದು ಒಳಗೆ ಹೋಗುವವರೆಗೆ ನಿಂತೇ ಇದ್ದೆ. ಅವನಿಗೂ ಅವರಿಗೂ ಯಾವ ಹೋಲಿಕೆಯೂ ಇರಲಿಲ್ಲ. ಆಮೇಲೆ ಕುಳಿತು ಮುಂದಿನ ಚೀಟಿ ಕೈಗೆತ್ತಿಕೊಂಡೆ. ಸಂಜೆಯವರೆಗೆ ಇನ್ನೂ ಎಷ್ಟೋ ಹೆಸರು ಕರೆದೆ, ದನಿ ಒಮ್ಮೆಯೂ ತಗ್ಗಲಿಲ್ಲ.

ರೋಣದ ಬಸ್ಸು ಇಳಿದು ಮನೆಗೆ ಬಂದಾಗ ಅತ್ತೆ ದೀಪ ಹಚ್ಚುತ್ತಿದ್ದರು. ನನ್ನ ಮುಖ ನೋಡಿ, ಯಾರಾದರೂ ಏನಾದರೂ ಅಂದರೇನು, ಕೆಲಸ ಬಿಡಿಸಿದರೇನು ಎಂದು ಕೇಳಿದರು. ಇಲ್ಲ ಎಂದೆ. ಅವರು ನನ್ನನ್ನು ನೋಡುತ್ತಲೇ ಇದ್ದರು. ಸುಳ್ಳು ಹೇಳಲು ಆಗಲಿಲ್ಲ.

"ಇವತ್ತ ನಿಮ್ಮ ಮಗನ ಹೆಸರ ಹಿಡಿದು ಕರದೆ ಅತ್ತಿ, ಎಲ್ಲಾರ ಮುಂದ" ಎಂದೆ.

ಬೈಯುತ್ತಾರೆ ಅಂದುಕೊಂಡೆ. ಅವರು ಕಡ್ಡಿಪೆಟ್ಟಿಗೆಯನ್ನು ಕೈಯಲ್ಲೇ ಹಿಡಿದುಕೊಂಡು ಹೊಸ್ತಿಲ ಕಡೆ ನೋಡಿದರು.

"ಓ ಅಂದನೇನವಾ?" ಎಂದು ಕೇಳಿದರು.

"ಹೂಂ ಅತ್ತಿ" ಎಂದೆ. "ಅಂದ್ರು."